ಎಲ್ಕಿನ ಉಸಿರು

ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೋಗೆ ಹೋಗುವ ಐದನೇ ನಂಬರಿನ ಫ್ರೀವೇಯಲ್ಲಿ, ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಹದಿನೈದಿಪ್ಪತ್ತು ಮೈಲಿ ಮನೆಗಳೇ ಇಲ್ಲ. ಎಡಕ್ಕೆ ಸೈನ್ಯದವರ ಬೋಳು ಗುಡ್ಡ, ಬಲಕ್ಕೆ ಸಮುದ್ರ. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಿಡೀ, ಪ್ರತಿ ಶುಕ್ರವಾರ ಸಂಜೆ, ಅಷ್ಟು ದೂರವೂ ನಾನು ಹಳೇ ಕಾರಿನ ಗಾಜು ಏರಿಸಿಕೊಂಡು ಗಂಡು ಎಲ್ಕಿನ ಹಾಗೆ ಕೂಗುತ್ತಾ ಹೋಗುತ್ತಿದ್ದೆ. ಪಕ್ಕದ ಲೇನಿನವರು ನೋಡುತ್ತಿದ್ದರು. ನೋಡಿದರೆ ನೋಡಲಿ ಎಂದು ನಾನೂ ಅವರನ್ನೇ ನೋಡುತ್ತಿದ್ದೆ.

ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಪ್ಪನ ಮಗ ಅಂದುಕೊಳ್ಳಿ. ಸಣ್ಣ ಕುದುರೆಯಷ್ಟು ಎತ್ತರ, ತಲೆಯ ಮೇಲೆ ಒಣಮರದ ಟೊಂಗೆಯಂಥ ಕೊಂಬು. ಬೇಸಿಗೆ ಮುಗಿಯುವ ಹೊತ್ತಿಗೆ ಬೆದೆಗೆ ಬಂದ ಗಂಡು, ಬೇರೆ ಗಂಡುಗಳಿಗೆ ಸವಾಲು ಹಾಕಿ ಕೂಗುತ್ತದೆ. ಆ ಕೂಗು ಗಂಟಲಿನ ತಳದಲ್ಲಿ ಶುರುವಾಗಿ, ಮೇಲೇರಿ ಸೀಟಿಯಾಗಿ, ಕೊನೆಗೆ ನಾಲ್ಕೈದು ಒರಟು ಗುಟುರಿನಲ್ಲಿ ಮುಗಿಯುತ್ತದೆ. ಬೇಟೆಗಾರರು ಇದೇ ಕೂಗನ್ನು ಕಲಿತು, ಎದುರಾಳಿ ಬಂದಿದ್ದಾನೆಂದು ಗಂಡಿಗೆ ನಂಬಿಸಿ ಹತ್ತಿರ ಬರಿಸಿಕೊಳ್ಳುತ್ತಾರೆ. ವರ್ಷಗಟ್ಟಲೆ ಕಲಿತರೂ ಬಾರದವರಿದ್ದಾರೆ. ನಾನು ಒಂದು ಬೇಸಿಗೆಯಲ್ಲಿ ಕಲಿತೆ. ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

ಆಗ ನಾನಿದ್ದದ್ದು ಎಲ್ ಸೆಗುಂಡೋದಲ್ಲಿ, ವಿಮಾನ ನಿಲ್ದಾಣದ ಪಕ್ಕದ ಒಂದು ಕಂಪನಿಯಲ್ಲಿ. ವಿಮಾನದ ಉಪಕರಣಗಳಿಗೆ ವೈರು ಬೆಸೆಯುವ ಬೆಂಚಿನಲ್ಲಿ ಕೆಲಸ. ಗಂಡನ ಕೆಲಸ ಸ್ಯಾನ್ ಡಿಯಾಗೋದ ಸೊರೆಂಟೊ ವ್ಯಾಲಿಯಲ್ಲಿ, ಚಿಪ್ ಮಾಡುವ ಕಡೆ. ಇಬ್ಬರಿಗೂ ಒಂದೇ ಊರಿನಲ್ಲಿ ಕೆಲಸ ಸಿಗುವ ತನಕ ಎಂದು ವಾರವಿಡೀ ನಾನು ಇಲ್ಲೊಂದು ಬಾಡಿಗೆ ಕೋಣೆಯಲ್ಲಿ, ಶುಕ್ರವಾರ ಅಲ್ಲಿಗೆ. ಆ ‘ತನಕ’ ಮೂರು ವರ್ಷ ಎಳೆಯಿತು.

ನಮ್ಮ ಬೆಂಚಿನ ಲೀಡ್, ಎಂದರೆ ಮೇಲ್ವಿಚಾರಕಿ, ಅರವತ್ತರ ಹತ್ತಿರದ ಒಬ್ಬ ಅಮೆರಿಕನ್ ಹೆಂಗಸು. ಕಡ್ಡಿ ತುಂಡು ಮಾಡಿದ ಹಾಗೆ ಮಾತು. ಬೆಸುಗೆ ಸರಿಯಾಗಿ ಕೂತಿಲ್ಲದಿದ್ದರೆ ಎರಡು ಮಾರು ದೂರದಿಂದಲೇ ಗುರುತಿಸಿ, “ತೆಗಿ, ಮತ್ತೆ ಮಾಡು” ಎನ್ನುತ್ತಿದ್ದರು. ಅವರಿಂದ ಬೈಸಿಕೊಳ್ಳದ ಜನ ಆ ಕಟ್ಟಡದಲ್ಲಿ ಇರಲಿಲ್ಲ. ಅವರು ಬೇಟೆಗಾರ್ತಿ ಎಂದು ನನಗೆ ಗೊತ್ತಾದದ್ದು ಒಂದು ಜೂನ್ ತಿಂಗಳ ಊಟದ ಬಿಡುವಿನಲ್ಲಿ.

ಆ ದಿನ ಅವರು ಮೇಜಿನ ಮೇಲೆ ಒಂದು ಪ್ಯಾಕೆಟ್ ಇಟ್ಟು ಮಂಕಾಗಿ ಕೂತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಎಲ್ಕ್ ಬೇಟೆಗೆ ಚೀಟಿ ಎತ್ತುತ್ತಾರೆ. ಚೀಟಿ ಬಂದವರಿಗೆ ಮಾತ್ರ ಟ್ಯಾಗ್ ಎಂಬ ಅನುಮತಿ. ಹದಿಮೂರು ವರ್ಷ ಅಪ್ಲೈ ಮಾಡಿ ಮಾಡಿ ಅವರಿಗೆ ಆ ವರ್ಷ ಟ್ಯಾಗ್ ಬಂದಿತ್ತು. ಇನ್ನೊಮ್ಮೆ ಬರುತ್ತದೆಂಬ ಆಸೆ ಅವರಿಗಿರಲಿಲ್ಲ. ಆದರೆ ಮಾರ್ಚಿನಲ್ಲಿ ಅವರ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ಬಲಗಡೆ ಬಿದ್ದುಹೋಗಿತ್ತು. ಬೇರೆ ರಾಜ್ಯಗಳಲ್ಲಿ ಇಬ್ಬರೂ ಎಲ್ಲಿ ಎಲ್ಕ್ ಬೇಟೆಗೆ ಹೋದರೂ ಬಂದೂಕು ಇವರದು, ಕೂಗು ಯಜಮಾನರದು. ಈಗ ಯಜಮಾನರ ತುಟಿ ಒಂದು ಕಡೆ ಮುಚ್ಚುತ್ತಿರಲಿಲ್ಲ.

“ಅವನು ಕರೀದೆ ನಾನು ಯಾವತ್ತೂ ಎಲ್ಕಿಗೆ ಗುರಿ ಇಟ್ಟಿಲ್ಲ” ಎಂದರು ಲೀಡ್. “ಯಾರಿಗಾದ್ರೂ ಕಲಿಸ್ತೀನಿ, ಕರ್ಕೊಂಡು ಬಾ ಅಂತಾನೆ. ಕಲಿಯೋರು ಯಾರು?”

ಪ್ಯಾಕೆಟ್ಟಿನಲ್ಲಿದ್ದದ್ದು ಕುದುರೆ ಲಾಳದ ಆಕಾರದ, ಎರಡು ಬೆರಳಗಲದ ನಾಲ್ಕೈದು ಚೌಕಟ್ಟು. ನಡುವೆ ಬಿಗಿದ ತೆಳುವಾದ ರಬ್ಬರ್ ಪೊರೆ. ಅದನ್ನು ನಾಲಿಗೆಯಿಂದ ಅಂಗುಳಿಗೆ ಒತ್ತಿ ಹಿಡಿದು ಊದಬೇಕು. ಬೆಂಚಿನ ಮೂವರು ಗಂಡಸರು ಪ್ರಯತ್ನಿಸಿದರು. ಒಬ್ಬನಿಗೆ ವಾಕರಿಕೆ ಬಂತು. ಇನ್ನೊಬ್ಬ ನುಂಗಿಯೇಬಿಡುತ್ತಿದ್ದ. ಮೂರನೆಯವನದ್ದು ಬರೀ ಜೊಲ್ಲು. ನಾನು ಮೊಸರನ್ನ ಮುಗಿಸಿ ಡಬ್ಬಿ ಮುಚ್ಚುತ್ತಾ ನೋಡುತ್ತಿದ್ದೆ. ನನಗೆ ಆ ಪುಟ್ಟ ಪೊರೆಯ ಗುರುತು ಹತ್ತಿತು: ಉಸಿರಿಗೆ ನಡುಗಿ ಸ್ವರ ಕೊಡುವಂಥದ್ದು ನಮ್ಮ ಮನೆಯಲ್ಲೂ ಇತ್ತು.

“ನನಗೊಂದು ಕೊಡಿ” ಎಂದೆ. ಮೂರನೆಯವನು ಬಾಯಿಂದ ತೆಗೆದದ್ದನ್ನೇ ತೊಳೆದು ಕೊಡಲು ಬಂದ. ಇನ್ನೊಬ್ಬರ ಎಂಜಲು ನನ್ನ ಬಾಯಿಗಾ? ಹೊಸದೇ ಬೇಕು ಎಂದು ಹಟ ಹಿಡಿದೆ. ಲೀಡ್ ಹುಬ್ಬೇರಿಸಿ ಹೊಸದೊಂದನ್ನು ಬಿಡಿಸಿ ಕೊಟ್ಟರು. ಬಾಯಿಗಿಟ್ಟು, ನಾಲಿಗೆ ಹೊಂದಿಸಿಕೊಂಡು ಊದಿದೆ. ಮೊದಲು ಬೆಕ್ಕು ತುಳಿಸಿಕೊಂಡಂಥ ಸ್ವರ. ಮತ್ತೆ ಹೊಂದಿಸಿದೆ. ಸ್ವರ ಹಿಡಿಯಿತು. ಹಿಡಿದದ್ದನ್ನು ಬಿಡಲಿಲ್ಲ. ಗೋಡೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಒಂದು ಪೂರ್ತಿ ಸುತ್ತು ಹಾಕುವ ತನಕ ಒಂದೇ ಎಳೆಯಲ್ಲಿ ಊದಿದೆ.

“ನೀನು ಉಸಿರಾಡೋದು ಎಲ್ಲಿಂದ?” ಎಂದರು ಲೀಡ್.

ಅದನ್ನು ಹೇಳಲು ನಾನು ನನ್ನ ಮನೆಯ ಕತೆ ಹೇಳಬೇಕಿತ್ತು. ಅಲ್ಲಿಯ ತನಕ ಅಮೆರಿಕದಲ್ಲಿ ಯಾರಿಗೂ, ಅದರಲ್ಲೂ ಕನ್ನಡದವರಿಗೆ, ನಾನು ಅದನ್ನು ಹೇಳಿರಲಿಲ್ಲ.

ನಮ್ಮದು ಕುಂದಾಪುರದ ಕಡೆ ಓಲಗದ ಮನೆ. ಅಪ್ಪಯ್ಯ ದೇವಸ್ಥಾನದಲ್ಲಿ ಎರಡು ಹೊತ್ತು ನಾಗಸ್ವರ ನುಡಿಸುತ್ತಿದ್ದರು. ಮದುವೆಯ ದಿನಗಳಲ್ಲಿ ಊರೂರು ತಿರುಗುತ್ತಿದ್ದರು. ಮದುವೆಗೆ ಓಲಗ ಬೇಕು, ಓಲಗದವರನ್ನು ಮಾತ್ರ ಕಡೆಯ ಪಂಕ್ತಿಗೆ ಕೂರಿಸಬೇಕು, ಅಂಥ ಊರು. ಹಾಗಾಗಿ ಸ್ಯಾನ್ ಡಿಯಾಗೋದ ಕನ್ನಡ ಕೂಟದಲ್ಲಿ ಯಾರಾದರೂ ಆಂಟಿ “ನಿಮ್ಮ ತಂದೆ ಏನ್ ಮಾಡ್ತಾರೆ?” ಎಂದು ಕೇಳಿದರೆ ನಾನು “ಸಂಗೀತ” ಎಂದು ಹೇಳಿ ಪಲ್ಯದ ಪಾತ್ರೆಯ ಕಡೆ ತಿರುಗಿಬಿಡುತ್ತಿದ್ದೆ. ಅವರು ವೀಣೆಯೋ ಹಾಡುಗಾರಿಕೆಯೋ ಎಂದುಕೊಳ್ಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ.

ಅಪ್ಪಯ್ಯ ನನ್ನ ಅಣ್ಣನಿಗೆ ಜಗಲಿಯಲ್ಲಿ ಪಾಠ ಹೇಳುತ್ತಿದ್ದರು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು, ಅದನ್ನು ಹೊರಗೆ ತಳ್ಳುತ್ತಿರುವಾಗಲೇ ಮೂಗಿನಿಂದ ಹೊಸ ಗಾಳಿ ಒಳಗೆಳೆದುಕೊಳ್ಳಬೇಕು. ಸ್ವರ ಕಡಿಯಬಾರದು. “ಎಲ್ಲಿ ಉಸ್ರ್ ತೆಗ್ದೆ ಅಂಬುದ್ ಗೊತ್ತಾಪ್ಕಾಗ” ಎನ್ನುತ್ತಿದ್ದರು. ಉಸಿರು ತೆಗೆದದ್ದು ಗೊತ್ತಾಗಬಾರದು, ಗೊತ್ತಾದರೆ ಬೆನ್ನಿಗೊಂದು ಬೀಳುತ್ತಿತ್ತು. ಲೋಟದ ನೀರಿಗೆ ಪಪ್ಪಾಯಿ ಎಲೆಯ ದಂಟು ಇಳಿಸಿ, ಗುಳ್ಳೆ ನಿಲ್ಲದ ಹಾಗೆ ಊದುವುದು ಮೊದಲ ಪಾಠ. ನನಗೆ ಹತ್ತು ವರ್ಷ. ನನಗೂ ಕಲಿಸಿ ಎಂದು ಒಂದು ದಿನ ದಂಟು ಹಿಡಿದುಕೊಂಡು ಹೋಗಿ ಕೂತೆ. ಅಪ್ಪಯ್ಯ ಬೈಯಲಿಲ್ಲ, ನಕ್ಕರು. “ನಿಂಗೆ ಊದ್‌ಕೊಳವೆ ಇತ್ತಲೆ, ಹೋಗ್” ಎಂದರು.

ಇತ್ತು, ನಿಜ. ಒಲೆಯ ಪಕ್ಕದಲ್ಲಿ ಕಬ್ಬಿಣದ ಊದುಕೊಳವೆ ಇತ್ತು. ಆ ಸಿಟ್ಟಿನಲ್ಲಿ ನಾನು ಅದನ್ನೇ ಹಿಡಿದೆ. ಹೊರಗೆ ಅಣ್ಣ ಊದುವಾಗ ಒಳಗೆ ನಾನೂ ಊದುತ್ತಿದ್ದೆ. ಹಸಿ ಸೌದೆಯ ಕೆಂಡ ಕೊಳವೆಯ ತುದಿಯಲ್ಲಿ ಒಂದೇ ಸಮ ಕೆಂಪಗಿದ್ದರೆ ಉಸಿರು ಕಡಿದಿಲ್ಲ, ಮಂಕಾದರೆ ಕಡಿಯಿತು ಎಂದು ಲೆಕ್ಕ. ಹದಿಮೂರು ತುಂಬುವ ಹೊತ್ತಿಗೆ ಅನ್ನ ಬೇಯುವ ತನಕ ಕೆಂಡ ಮಂಕಾಗದ ಹಾಗೆ ಊದಬಲ್ಲೆ. ಅಮ್ಮನಿಗೆ ಬೆಂಕಿ ಚೆನ್ನಾಗಿ ಹಿಡಿಯಿತೆಂಬುದಷ್ಟೇ ಸಂತೋಷ. ಅಪ್ಪಯ್ಯನಿಗೆ ಗೊತ್ತೇ ಆಗಲಿಲ್ಲ. ಅಣ್ಣನಿಗಿಂತ ನನ್ನ ಉಸಿರು ಉದ್ದ ಎಂದು ನನಗೆ ಗೊತ್ತಿತ್ತು, ಹೇಳಲು ಮಾತ್ರ ಯಾರೂ ಇರಲಿಲ್ಲ.

ಇಷ್ಟನ್ನೂ ಲೀಡ್‌ಗೆ ಹೇಳಿದೆ. ಅವರು ಕೇಳಿ, “ಬುಧವಾರ ಸಂಜೆ ಮನೆಗೆ ಬಾ” ಎಂದರು. ಬೆಸುಗೆ ಒಪ್ಪಿದಾಗಲೂ ಅವರ ದನಿ ಅದೇ.

ಅವರ ಮನೆ ಟೊರೆನ್ಸ್‌ನಲ್ಲಿ. ಹಿತ್ತಲಿನಲ್ಲಿ ಒಂದು ನಿಂಬೆ ಗಿಡ, ಅದರ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಯಜಮಾನರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಮಾತು ಒಂದೊಂದೇ, ನಡುವೆ ತುಂಬಾ ಹೊತ್ತು ಬಿಟ್ಟು. ಎಡಗೈ ಮಾತ್ರ ಚುರುಕು. ಸ್ವರ ಎಷ್ಟು ಮೇಲೆ ಹೋಗಬೇಕೋ ಅಷ್ಟು ಮೇಲೆ ಆ ಕೈ ಏರುತ್ತಿತ್ತು, ಮುರಿಯಬೇಕಾದಲ್ಲಿ ತಟ್ಟನೆ ಮುಷ್ಟಿಯಾಗುತ್ತಿತ್ತು. ತಪ್ಪಿದರೆ ತೊಡೆಯ ಮೇಲೆ ಒಂದು ಏಟು. ಮೊದಲ ಏಟು ಕೇಳಿದಾಗಲೇ ಇವರು ಮೇಷ್ಟ್ರು ಎಂದು ನನ್ನ ಬೆನ್ನು ನೆಟ್ಟಗಾಯಿತು.

ಹೆಣ್ಣಿನ ಮೆಲುದನಿ ಮೊದಲು ಕಲಿತೆ. ಆಮೇಲೆ ಗಂಡಿನ ಕೂಗು. ಅದಕ್ಕೆ ಬಾಯಿಯ ಮುಂದೆ ಒಂದು ಕೊಳವೆ ಬೇಕು, ದನಿ ದಪ್ಪವಾಗಲು. ಯಜಮಾನರ ಕೊಳವೆ ಹಳೇ ವ್ಯಾಕ್ಯೂಮ್ ಕ್ಲೀನರಿನ ಪೈಪು, ಒಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವಂತೆ ಮಾಡಿದ್ದು. ಇಲ್ಲೂ ಕೊಳವೆಯೇ ಬಂತಲ್ಲ ಎಂದು ನನಗೆ ನಗು. ನಾನು ಊದಿದಾಗಲೆಲ್ಲ ಪಕ್ಕದ ಮನೆಯ ನಾಯಿ ಬೇಲಿಯಡಿ ಮೂಗು ತೂರಿಸಿ ಅಳುತ್ತಿತ್ತು. ನಾಯಿ ಅತ್ತರೆ ಯಜಮಾನರ ಮುಖದ ಎಡಭಾಗ ನಗುತ್ತಿತ್ತು.

ಒಂದೇ ಮಾತನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. “ಚಿಕ್ಕದು.” ಕೂಗು ಚಿಕ್ಕದಿರಲಿ ಎಂದು. ಕಲಿಯುವವಳು, ಉದ್ದಕ್ಕೆ ಹೋದರೆ ಕೆಡಿಸುತ್ತಾಳೆ ಎಂಬ ಭಯ ಅವರಿಗೆ ಎಂದುಕೊಂಡೆ. ನನ್ನ ಉಸಿರಿನ ಅಳತೆ ಇವರಿಗೇನು ಗೊತ್ತು ಎಂದು ಒಳಗೊಳಗೇ ಜಂಬ. ಪಾಠದಲ್ಲಿ ಚಿಕ್ಕದಾಗಿಯೇ ಊದಿ ಒಪ್ಪಿಸುತ್ತಿದ್ದೆ. ಶುಕ್ರವಾರ ಫ್ರೀವೇಯಲ್ಲಿ, ಗುಡ್ಡ ಸಮುದ್ರಗಳ ನಡುವೆ, ಉದ್ದಕ್ಕೆ ಊದಿ ಆಸೆ ತೀರಿಸಿಕೊಳ್ಳುತ್ತಿದ್ದೆ.

ನನ್ನ ಗಂಡ ಬೆಂಗಳೂರಿನವರು. ನಾನು ಒಳಗೆ ಕಾಲಿಟ್ಟ ಕೂಡಲೇ “ಇವತ್ತೆಷ್ಟು ಎಲ್ಕ್ ಬಂತಮ್ಮಾ ಕಾರಿನ ಹಿಂದೆ?” ಎನ್ನುತ್ತಿದ್ದರು. ತಮಾಷೆ ಅವರಿಗೆ ಸುಲಭ. ಆದರೆ ಒಂದು ಶನಿವಾರ, ಕಾರ್ಮೆಲ್ ವ್ಯಾಲಿಯಲ್ಲಿ ಯಾರದೋ ಮನೆಯ ಗೃಹಪ್ರವೇಶ ಮುಗಿಸಿ ಬರುವಾಗ, ತಮಾಷೆ ಬಿಟ್ಟು ಕೇಳಿದರು.

“ಅಲ್ಲ, ಅದು ನಿನ್ನ ನಂಬ್ಕೊಂಡು ಬರತ್ತೆ. ಬಂದ್ಮೇಲೆ ಹೊಡೀತಾರೆ. ನಿಂಗೆ ಪರವಾಗಿಲ್ವಾ?”

“ನಾನು ಬಂಗುಡೆ ಮೀನು ತಿಂದು ಬೆಳೆದವಳು” ಎಂದೆ. “ಬಂಗುಡೆ ಹತ್ರ ಯಾರೂ ಕೇಳ್ಲಿಲ್ಲ.”

ಜೋರಾಗಿಯೇ ಹೇಳಿದೆ. ಆದರೆ ಬಂಗುಡೆಯನ್ನು ನಾನು ಕರೆದಿರಲಿಲ್ಲ ಎಂಬುದು ಆ ಕ್ಷಣವೇ ಹೊಳೆಯಿತು. ಆಮೇಲೆ ಮೂರು ದಿನ ಪೊರೆಯನ್ನು ಬಾಯಿಗಿಡಲಿಲ್ಲ. ಮುಂದಿನ ಬುಧವಾರ ಲೀಡ್ ಹತ್ತಿರ ಅದನ್ನೇ ಕೇಳಿದೆ. ಅವರು ನಿಂಬೆ ಹಣ್ಣು ಕೀಳುತ್ತಾ, “ಅದು ಯಾವಾಗಲೂ ನೆನಪಿರಬೇಕು. ಮರೆತವರ ಜೊತೆ ನಾನು ಬೇಟೆಗೆ ಹೋಗಲ್ಲ” ಎಂದರು. ಅಷ್ಟೇ. ನನಗೆ ಅಷ್ಟು ಸಾಕಾಯಿತು. ಬೇಟೆಯ ಸುರಕ್ಷತೆಯ ತರಗತಿಗೆ ಸೇರಿ, ಪರೀಕ್ಷೆ ಪಾಸು ಮಾಡಿ, ಲೈಸೆನ್ಸನ್ನೂ ತೆಗೆದುಕೊಂಡೆ. ಆ ತರಗತಿಯಲ್ಲಿ ನಾನೊಬ್ಬಳೇ ಸಲ್ವಾರ್ ಕಮೀಜಿನವಳು.

ಸೆಪ್ಟೆಂಬರಿನಲ್ಲಿ ಹೊರಟೆವು. ಲೀಡ್ ಪಿಕಪ್ ಟ್ರಕ್ ಓಡಿಸಿದರು, ನಾನು ನಡುವೆ, ಕಿಟಕಿಯ ಕಡೆ ಯಜಮಾನರು. ಲಾಸ್ ಏಂಜಲೀಸ್ ಬಿಟ್ಟು, ಮರುಭೂಮಿ ದಾಟಿ, ನಾಲ್ಕು ಗಂಟೆಯ ದಾರಿಯಲ್ಲಿ ಓವೆನ್ಸ್ ವ್ಯಾಲಿ. ಪಶ್ಚಿಮಕ್ಕೆ ಗೋಡೆಯಂತೆ ನಿಂತ ಬೆಟ್ಟಗಳು, ಕೆಳಗೆ ಬೂದುಬಣ್ಣದ ಕುರುಚಲು, ಅದರ ನಡುವೆ ಪೊದೆ ಬೆಳೆದ ಸಣ್ಣ ನದಿ. ನಮ್ಮಿಬ್ಬರಿಗೂ ಸಿಕ್ಕಿದ್ದು ನಾಲ್ಕು ದಿನದ ರಜೆ. ಆ ನಾಲ್ಕು ದಿನದಲ್ಲಿ ಆಗದಿದ್ದರೆ ಹದಿಮೂರು ವರ್ಷದ ಟ್ಯಾಗ್ ನೀರಿಗೆ.

ಮೊದಲ ದಿನ ಬೆಳಕು ಹರಿಯುವಾಗ ಯಜಮಾನರನ್ನು ಮಣ್ಣುರಸ್ತೆಯಲ್ಲಿ, ಟ್ರಕ್ಕಿನೊಳಗೆ, ಕಂಬಳಿ ಹೊದಿಸಿ ಬಿಟ್ಟೆವು. ಕಿಟಕಿ ಪೂರ್ತಿ ಇಳಿಸಲು ಹೇಳಿದರು, ಕೇಳಬೇಕಲ್ಲ. ಲೀಡ್ ಬಂದೂಕು ಹಿಡಿದು ಮುಂದೆ ಕೂತರು; ನಾನು ಅವರ ಹಿಂದೆ ನಲವತ್ತು ಹೆಜ್ಜೆ ಬಿಟ್ಟು ಪೊದೆಯ ಮರೆಯಲ್ಲಿ. ಹೆಣ್ಣಿನ ದನಿಯಲ್ಲಿ ಎರಡು ಸಲ ಕರೆದೆ. ಸುಮ್ಮನಿತ್ತು. ಮೂರನೆಯ ಸಲ ಕರೆದಾಗ ನದಿಯ ಕಡೆಯಿಂದ ಉತ್ತರ ಬಂತು. ಯಜಮಾನರು ಕೊಟ್ಟ ಕ್ಯಾಸೆಟ್ಟಿನಲ್ಲಿ ನೂರು ಸಲ ಕೇಳಿದ್ದೆ, ಆದರೂ ಮೈ ಜುಮ್ಮೆಂದಿತು. ಗಂಡಿನ ಕೂಗಿನಲ್ಲಿ ಮರುಸವಾಲು ಹಾಕಿದೆ. ಅದು ಇನ್ನೂ ಹತ್ತಿರದಿಂದ ಉತ್ತರಿಸಿತು.

ಆಗ ನನ್ನ ತಲೆಗೆ ಏರಿತು. ತಡಿ, ನಿನಗೆ ಊದುವುದೆಂದರೆ ಏನೆಂದು ತೋರಿಸುತ್ತೇನೆ ಎಂದುಕೊಂಡೆ. ಕೆನ್ನೆ ತುಂಬಿಕೊಂಡು ಶುರು ಮಾಡಿದೆ. ತಳದಿಂದ ಏರಿಸಿ, ಮೇಲೆ ನಿಲ್ಲಿಸಿ, ಅಲ್ಲೇ ಎಳೆದೆ. ಹತ್ತು ಸೆಕೆಂಡಿನ ಕೂಗಿನ ಜಾಗದಲ್ಲಿ ಮುಕ್ಕಾಲು ನಿಮಿಷ, ಒಂದೇ ಎಳೆ, ಎಲ್ಲಿಯೂ ಕಡಿಯದೆ. ಅಪ್ಪಯ್ಯ ಅಲ್ಲಿದ್ದಿದ್ದರೆ ಬೆನ್ನಿಗೆ ಹೊಡೆಯಲು ಜಾಗ ಸಿಗುತ್ತಿರಲಿಲ್ಲ. ಪೊದೆ ಅಲ್ಲಾಡಿತು, ಗಂಡು ಹೊರಗೆ ಬಂತು. ಕಿವಿ ನಿಮಿರಿಸಿ ನನ್ನ ಕಡೆಗೇ ನೋಡಿತು. ನಾನಿನ್ನೂ ಊದುತ್ತಲೇ ಇದ್ದೆ. ಅದು ತಿರುಗಿತು, ತನ್ನ ಐದಾರು ಹೆಣ್ಣುಗಳನ್ನು ಒಟ್ಟುಮಾಡಿ ಅಟ್ಟಿಕೊಂಡು, ನದಿ ದಾಟಿ ಹೋಗಿಯೇಬಿಟ್ಟಿತು. ಲೀಡ್ ಬಂದೂಕು ಎತ್ತಲು ಸಮಯವೂ ಸಿಗಲಿಲ್ಲ.

ಲೀಡ್ ಬಂದೂಕಿನಿಂದ ಗುಂಡು ತೆಗೆದು, ನನಗೆ ಬೆನ್ನು ಹಾಕಿ ಟ್ರಕ್ಕಿನ ಕಡೆ ನಡೆದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯಜಮಾನರು ಕಂಬಳಿಯೊಳಗಿಂದ ನನ್ನನ್ನೇ ನೋಡುತ್ತಿದ್ದರು.

“ನೀನು ಕೂಗಿದ ಪ್ರಾಣಿಗೆ” ಎಂದರು, ತಡೆದು, “ಶ್ವಾಸಕೋಶ ಇಲ್ಲ.”

ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು. “ಅಷ್ಟು ಉದ್ದ ಊದೋದು ನಿಮ್ಮಲ್ಲಿ ಯಾರಿಗೂ ಬರಲ್ಲ” ಎಂದೆ. ಹೇಳಬಾರದಿತ್ತು, ಹೇಳಿದೆ. ಆ ಉಸಿರೊಂದೇ ನಾನು ಊರಿನಿಂದ ಯಾರ ಅನುಮತಿಯೂ ಇಲ್ಲದೆ ತಂದ ಸೊತ್ತು. ಅದನ್ನು ತಪ್ಪು ಎಂದರೆ ನನ್ನ ಬಳಿ ಇನ್ನೇನಿತ್ತು?

ಯಜಮಾನರು ಕೋಪಿಸಿಕೊಳ್ಳಲಿಲ್ಲ. ಎಡಗೈಯಿಂದ ನನ್ನ ಕೊರಳಿನ ಕೊಳವೆ ಎಳೆದು ತಮ್ಮ ಬಾಯಿಗಿಟ್ಟುಕೊಂಡರು. ಕೂಗು ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಅವರು ಮಾಡಿದ್ದು ಕೂಗಲ್ಲ. ಕೂಗುಗಳ ನಡುವೆ ಪ್ರಾಣಿ ಗಾಳಿ ಎಳೆದುಕೊಳ್ಳುವ ಸದ್ದು: ಒರಟಾಗಿ, ದಣಿದು, ಮೂಗಿನಲ್ಲಿ ಸಿಂಬಳ ಕಟ್ಟಿಕೊಂಡ ಹಾಗೆ. ಕೊಳವೆಯಲ್ಲಿ ಅದು ಟ್ರಕ್ಕಿನ ತುಂಬಾ ಕೇಳಿಸಿತು. ಒಂದು ಗಂಡು ಅಲ್ಲೇ ಸೀಟಿನ ಮೇಲೆ ಕೂತಿದೆ ಎನ್ನಿಸಿತು. ಅವರಿಂದ ಕೂಗು ಹೋಗಿತ್ತು, ಉಸಿರು ಉಳಿದಿತ್ತು. ಬೇಸಿಗೆಯಿಡೀ ಅವರು ಅದನ್ನು ನನಗೆ ಕಲಿಸಬೇಕೆಂದೇ ಕಾದಿದ್ದರೇನೋ. ನಾನು ಚಿಕ್ಕದಾಗಿ ಊದಿ ಒಪ್ಪಿಸಿ, ಉಸಿರು ಎಲ್ಲಿಯೂ ಕೇಳಿಸದೆ, ಎದ್ದು ಹೋಗುತ್ತಿದ್ದೆ.

“ಅದು ಬೆಳಗಿಂದ ಕೂಗಿದೆ, ಓಡಿದೆ, ಜಗಳ ಆಡಿದೆ” ಎಂದರು ಲೀಡ್, ಈಗ ಮೆತ್ತಗೆ. “ಸುಸ್ತಾಗಿರೋನಿಗೆ ಸುಸ್ತಾಗಿರೋ ಎದುರಾಳಿ ಬೇಕು. ಸುಸ್ತೇ ಆಗ್ದಿರೋನ ಹತ್ರ ಯಾರು ಜಗಳಕ್ಕೆ ಬರ್ತಾರೆ?”

ಆ ಮಧ್ಯಾಹ್ನವಿಡೀ, ಮರುದಿನ ಪೂರ್ತಿ, ಟ್ರಕ್ಕಿನಲ್ಲಿ ಯಜಮಾನರ ಪಕ್ಕ ಕೂತು ಅದೊಂದನ್ನೇ ಕಲಿತೆ. ಇಡೀ ವಿದ್ಯೆಯಲ್ಲಿ ಕಷ್ಟದ್ದು ಅದೇ. ಅಣ್ಣನ ಬೆನ್ನಿಗೆ ಏಟು ಬಿದ್ದದ್ದೆಲ್ಲ ಆ ಸದ್ದಿಗೆ. ಕೇಳಿಸಲು ಹೋದರೆ ನನ್ನ ಬೆನ್ನೇ ಸೆಟೆಯುತ್ತಿತ್ತು. ನಿಜವಾಗಿ ಉಸಿರು ಬಿಟ್ಟು ಎಳೆದುಕೊಂಡರೆ ಹಿಂದಿನ ಸ್ವರ ಬಿದ್ದುಹೋಗುತ್ತಿತ್ತು, ಕೆಮ್ಮಿದ ಹಾಗೆ ಕೇಳುತ್ತಿತ್ತು. ಎರಡನೆಯ ದಿನ ಎಲ್ಕ್ ಒಂದೂ ಕಾಣಲಿಲ್ಲ. ಅಂದು ಸಂಜೆ ಹೊತ್ತಿಗೆ ನನಗೆ ದಾರಿ ಹೊಳೆಯಿತು. ನನ್ನ ಉಸಿರನ್ನು ಎಂದಿನಂತೆ ಮೂಗಿನಲ್ಲಿ ಕದ್ದು ತೆಗೆದುಕೊಳ್ಳುವುದು. ಎಲ್ಕಿನ ಉಸಿರನ್ನು ಬಾಯಲ್ಲಿ, ಕೆನ್ನೆಯ ಗಾಳಿಯಿಂದ, ಬೇರೆಯಾಗಿ ಮಾಡಿ ಕೇಳಿಸುವುದು. ಒಂದು ಮುಚ್ಚಿಡಲು, ಒಂದು ತೋರಿಸಲು. ಊದಿ ತೋರಿಸಿದೆ. ಯಜಮಾನರ ಕೈ ತೊಡೆಯ ಮೇಲೆ ಬೀಳಲಿಲ್ಲ.

ಮೂರನೆಯ ಬೆಳಿಗ್ಗೆ ಅದೇ ಗಂಡು, ನದಿಯ ಇನ್ನೊಂದು ತಿರುವಿನಲ್ಲಿ. ಒಂದು ಕೊಂಬಿನ ಕವಲು ಮುರಿದಿದ್ದರಿಂದ ಗುರುತು ಸಿಕ್ಕಿತು. ಅದು ಕೂಗಿತು. ನಾನು ಕೂಗಿದೆ, ಹತ್ತು ಸೆಕೆಂಡು, ಸ್ವಲ್ಪ ಸೀಳಿದ ದನಿಯಲ್ಲಿ. ಆಮೇಲೆ ದಣಿದ ಉಸಿರು ಎಳೆದೆ. ಅದು ಓಡಿಹೋಗಲಿಲ್ಲ. ಕೂಗಿತು. ನಾನು ಕೂಗಿ ಮತ್ತೆ ಏದುಸಿರು ಬಿಟ್ಟೆ. ಕುರುಚಲು ಮುರಿಯುವ ಸದ್ದು ಹತ್ತಿರವಾಯಿತು. ಕೊರಳು ಕೆಸರಿನಿಂದ ಕಪ್ಪಾಗಿತ್ತು, ಕೊಂಬಿಗೆ ಹುಲ್ಲು ಸಿಕ್ಕಿಕೊಂಡು ಜೋತಾಡುತ್ತಿತ್ತು, ಚಳಿಗೆ ಮೂಗಿನಿಂದ ಹಬೆ. ಅದರ ಉಸಿರು ನನಗೆ ಕೇಳಿಸಿತು. ನಾನು ಎರಡು ದಿನದಿಂದ ಮಾಡುತ್ತಿದ್ದ ಸದ್ದೇ ಅದು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನನ್ನ ಕಡೆ ಮುಖ ಮಾಡಿ ಲೀಡ್ ಎದುರಿಗೆ ಅಡ್ಡಲಾಗಿ ನಿಂತಿತು. ಒಂದೇ ಗುಂಡು.

ಹತ್ತಿರ ಹೋದಾಗ ನಾನು ಅತ್ತೆ. ಹೆಮ್ಮೆಗೂ ಅತ್ತೆ, ಅದಕ್ಕಾಗಿಯೂ ಅತ್ತೆ. ಎರಡನ್ನೂ ಬೇರೆ ಮಾಡಲು ಆಗಲೂ ಬರಲಿಲ್ಲ, ಈಗಲೂ ಬರುವುದಿಲ್ಲ. ಅದರ ಕೊರಳು ಇನ್ನೂ ಬೆಚ್ಚಗಿತ್ತು. ನೀನು ನನ್ನನ್ನು ನಂಬಿ ಬಂದೆ ಎಂದು ಕನ್ನಡದಲ್ಲೇ ಹೇಳಿದೆ. ಲೀಡ್ ಟೋಪಿ ತೆಗೆದು ನಿಂತಿದ್ದರು.

ಯಜಮಾನರು ನೋಡಲೇಬೇಕೆಂದು ಹಟ ಹಿಡಿದರು. ಟ್ರಕ್ಕನ್ನು ಆದಷ್ಟು ಹತ್ತಿರ ತಂದು, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹೆಗಲು ಕೊಟ್ಟು, ಇಪ್ಪತ್ತು ಹೆಜ್ಜೆ ನಡೆಸಿದೆವು. ಎಡಗೈಯನ್ನು ಎಲ್ಕಿನ ಪಕ್ಕೆಯ ಮೇಲೆ ತುಂಬಾ ಹೊತ್ತು ಇಟ್ಟುಕೊಂಡಿದ್ದರು. ನಾನು ಕೊಳವೆಯನ್ನು ಕೊರಳಿನಿಂದ ತೆಗೆದು ಅವರಿಗೆ ಕೊಟ್ಟೆ, ಅವರದಲ್ಲವೇ. ಅವರು ಅದನ್ನು ತಿರುಗಿಸಿ ನೋಡಿ, ಒಂದೇ ಕೈಯಲ್ಲಿ ತಡಕಾಡುತ್ತಾ, ದಾರವನ್ನು ಮತ್ತೆ ನನ್ನ ಕೊರಳಿಗೇ ಹಾಕಿದರು. ಈಗಲೂ ಅದು ನನ್ನ ಬಳಿಯೇ ಇದೆ.

ಮಾಂಸದಲ್ಲಿ ನನಗೊಂದು ಪಾಲು ಕೊಟ್ಟರು. ಶುಕ್ರವಾರ ಅದನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಸ್ಯಾನ್ ಡಿಯಾಗೋಗೆ ಬಂದೆ. ನಮ್ಮೂರಿನ ಹಾಗೆ ಕಾಯಿ ಹುರಿದು ಸುಕ್ಕ ಮಾಡಿದೆ. ಗಂಡ ಒಂದು ತುಂಡು ತಿಂದು, ತಮಾಷೆ ಮಾಡದೆ, ಇನ್ನೊಂದು ಹಾಕಿಸಿಕೊಂಡರು. ಒಂದು ಡಬ್ಬಿ ಟೊರೆನ್ಸ್‌ಗೂ ಹೋಯಿತು. ಮುಂದಿನ ಸಲ ಕನ್ನಡ ಕೂಟದಲ್ಲಿ ಒಬ್ಬ ಆಂಟಿ ನಮ್ಮ ತಂದೆಯ ವಿಷಯ ಕೇಳಿದಾಗ, “ದೇವಸ್ಥಾನದಲ್ಲಿ ಓಲಗ ಊದ್ತಿದ್ರು. ನಾಗಸ್ವರ” ಎಂದೆ. ಪಲ್ಯದ ಕಡೆ ತಿರುಗಲಿಲ್ಲ. ಅವರು “ಓಹೋ” ಎಂದರು, ಆಮೇಲೆ ತಮ್ಮ ಮದುವೆಯ ಓಲಗ ಎಷ್ಟು ಚೆನ್ನಾಗಿತ್ತೆಂದು ಬಹಳ ಹೊತ್ತು ಹೇಳಿದರು.

ಇನ್ನು ಉಳಿದದ್ದು ಒಬ್ಬರೇ. ಒಂದು ಭಾನುವಾರ ಬೆಳಿಗ್ಗೆ, ಊರಿನಲ್ಲಿ ದೀಪ ಹಚ್ಚುವ ಹೊತ್ತು ಮುಗಿದಿರಬಹುದೆಂದು ಅಂದಾಜು ಮಾಡಿ, ಅಣ್ಣನ ಮನೆಗೆ ಫೋನ್ ಮಾಡಿದೆ. ಅಪ್ಪಯ್ಯನ ಮುಂದಿನ ಹಲ್ಲು ಹೋಗಿ ನಾಗಸ್ವರ ಬಿಟ್ಟು ಎರಡು ವರ್ಷವಾಗಿತ್ತು. ಈಗ ಬರೀ ಕೇಳುವುದು, ಅಣ್ಣನ ಶಿಷ್ಯರ ತಪ್ಪು ಹಿಡಿಯುವುದು. ಅವರಿಗೆ ಎಲ್ಲ ಹೇಳಿದೆ: ಕಡವೆಯಂಥ ಪ್ರಾಣಿ, ರಬ್ಬರಿನ ಪೊರೆ, ಕೊಳವೆ, ಬೇಟೆ. ಊದುಕೊಳವೆಯ ವಿಷಯವನ್ನೂ ಹೇಳಿದೆ.

“ಊದ್ ಕಾಂಬ” ಎಂದರು.

ಗಂಡ ಎದ್ದು ಅಪಾರ್ಟ್‌ಮೆಂಟಿನ ಕಿಟಕಿಗಳನ್ನೆಲ್ಲ ಮುಚ್ಚಿ ಬಂದು, ಕೊಳವೆಯ ತುದಿಗೆ ಎರಡು ಅಡಿ ದೂರದಲ್ಲಿ ರಿಸೀವರ್ ಹಿಡಿದು ನಿಂತರು. ಪೊರೆಯನ್ನು ಅಂಗುಳಿಗೆ ಒತ್ತಿಕೊಂಡು ಊದಿದೆ. ಒಂದು ಕೂಗು, ದಣಿದ ಉಸಿರು, ಮತ್ತೆ ಕೂಗು, ಮತ್ತೆ ಉಸಿರು, ಕೊನೆಯ ಗುಟುರು. ಒಂದು ನಿಮಿಷದ ಮೇಲಾಗಿರಬೇಕು. ಗಂಡ ರಿಸೀವರನ್ನು ನನ್ನ ಕಿವಿಗೆ ಹಿಡಿದರು.

“ನಡೂಕೆ ಉಸ್ರ್ ತೆಗ್ದದ್ ಗೊತ್ತಾಯ್ತ್” ಎಂದರು ಅಪ್ಪಯ್ಯ. ಅದೇ ದನಿ, ಜಗಲಿಯದು.

“ಅದ್ ಪ್ರಾಣಿದ್ ಅಪ್ಪಯ್ಯ. ಬೇಕಂತ್ಲೇ ಮಾಡಿದ್ದ್” ಎಂದೆ. “ನಂದ್ ಗೊತ್ತಾಯ್ತಾ?”

ಲೈನಿನ ಗೊರಗೊರ ಸದ್ದಿನ ಹಿಂದೆ ಅಣ್ಣ ಏನೋ ಕೇಳುತ್ತಿದ್ದುದು, ಅಪ್ಪಯ್ಯ ಅವನಿಗೆ ಸುಮ್ಮನಿರು ಎಂದದ್ದು ಕೇಳಿಸಿತು.

“ಇನ್ನೊಂದ್ ಸಲ ಊದ್” ಎಂದರು.

ಊದಿದೆ. ಮುಗಿಸಿ, ಪೊರೆಯನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ಕಾದೆ.

“ಇಲ್ಲ ಮಗಾ” ಎಂದರು ಅಪ್ಪಯ್ಯ. “ನಿಂದ್ ಗೊತ್ತಾಯ್ಲಿಲ್ಲ.”